ಹೊಳೆಯ ಮುಂದೆ ನಡೆದವರು

ನಾನು ಹುಟ್ಟಿದ್ದು ಎರಡು ಊರುಗಳ ನಡುವಿನ ಒಂದು ಹುಣಸೆ ಮರದ ಕೆಳಗೆ. ಯಾವ ಊರಿನವರು ಎಂದು ಯಾರಾದರೂ ಕೇಳಿದರೆ ನಮ್ಮಪ್ಪ ಎರಡೂ ದಿಕ್ಕಿಗೆ ಕೈ ತೋರಿಸುತ್ತಿದ್ದ. ನಮ್ಮದು ಸನಾದಿ ಊದುವ ಮನೆತನ. ಮನೆತನ ಎಂದೆ, ಮನೆ ಮಾತ್ರ ಇರಲಿಲ್ಲ. ಮದುವೆ, ಸೀಮಂತ, ಹೊಸ ಬಾವಿಯಲ್ಲಿ ನೀರು ಬಂದ ದಿನ, ಹಿರಿಯರೊಬ್ಬರನ್ನು ಮಣ್ಣಿಗೆ ಒಯ್ಯುವ ದಿನ, ಎಲ್ಲಿ ಕರೆದರೆ ಅಲ್ಲಿಗೆ ಹೋಗುತ್ತಿದ್ದೆವು. ಅಪ್ಪ ಹೋದಮೇಲೆ ಅವನ ಸನಾದಿ ನನ್ನ ಕೈಗೆ ಬಂತು, ಅವನ ದಾರಿಗಳೂ ಬಂದವು. ಕತ್ತೆಯ ಬೆನ್ನ ಮೇಲೆ ಕೌದಿ, ಪಾತ್ರೆ, ಒಂದು ಚೀಲ ಜೋಳ. ಸನಾದಿ ನನ್ನ ಹೆಗಲಿನ ಜೋಳಿಗೆಯಲ್ಲಿ, ಶ್ರುತಿ ನನ್ನ ಹೆಂಡತಿ ಕೆಂಚವ್ವನ ಕೈಯಲ್ಲಿ.

ಶ್ರುತಿ ಎಂದರೆ ಸನಾದಿಯಂಥದೇ ಒಂದು ಕೊಳವೆ, ಆದರೆ ಅದರ ಮೇಲೆ ಬೆರಳಾಡಿಸುವಂಥದ್ದೇನೂ ಇಲ್ಲ. ಒಂದೇ ಸ್ವರ. ನಾನು ರಾಗದಲ್ಲಿ ಎಲ್ಲೆಲ್ಲೋ ಅಲೆದು ಬಂದರೂ ಆ ಸ್ವರ ಇದ್ದಲ್ಲೇ ಇರಬೇಕು. ಮೂಗಿನಲ್ಲಿ ಉಸಿರು ಎಳೆದುಕೊಳ್ಳುತ್ತಲೇ ಕೆನ್ನೆಯಲ್ಲಿ ತುಂಬಿಟ್ಟ ಗಾಳಿಯನ್ನು ಬಿಡುತ್ತ, ನಡುವೆ ತುಂಡಾಗದ ಹಾಗೆ ಊದುತ್ತಿರಬೇಕು. ಮದುವೆಮನೆಗಳಲ್ಲಿ ಜನ ನನ್ನ ಬೆರಳು ನೋಡುತ್ತಿದ್ದರು, ನನಗೆ ಎಲೆ ಅಡಿಕೆ ಕೊಟ್ಟು ಭೇಷ್ ಎನ್ನುತ್ತಿದ್ದರು. ಕೆಂಚವ್ವ ನನ್ನ ಹಿಂದೆ ಗೋಡೆಗೆ ಆತು ಕೂತು ಕಣ್ಣು ಮುಚ್ಚಿ ಊದುತ್ತಿದ್ದಳು. ಅವಳನ್ನು ಯಾರೂ ನೋಡುತ್ತಿರಲಿಲ್ಲ. ಅದಕ್ಕೆ ಅವಳು ಬೇಸರ ಮಾಡಿಕೊಂಡದ್ದನ್ನೂ ನಾನು ನೋಡಿರಲಿಲ್ಲ.

ಆ ಬದುಕು ಕಷ್ಟದ್ದು ಎಂದು ಕೇಳಿದವರು ಅಂದುಕೊಳ್ಳುತ್ತಾರೆ. ಕಷ್ಟ ಇತ್ತು. ಆದರೆ ಬೆಳಗಾಗುವಾಗ ಹೊಲದ ಬದುವಿನಲ್ಲಿ ಕೂತು ಸಾಧನೆ ಮಾಡುತ್ತಿದ್ದರೆ ಎಲ್ಲೋ ದೂರದ ಜಾಲಿಯಲ್ಲಿ ಕಾಜಾಣ ನನ್ನ ಸ್ವರ ಕದ್ದು ತಿರುಗಿ ನನಗೇ ಕೇಳಿಸುತ್ತಿತ್ತು. ಹಳ್ಳದ ದಂಡೆಯ ಜೊಂಡು ಕೊಯ್ದು, ನೆನೆಸಿ, ಹಿಸುಕಿ, ಸನಾದಿಗೆ ಹೊಸ ನಾಲಗೆ ಕಟ್ಟಿಕೊಳ್ಳುತ್ತಿದ್ದೆ. ಯಾವ ಹಳ್ಳದ ಜೊಂಡು ಸಿಹಿಯಾಗಿ ನುಡಿಯುತ್ತದೆ, ಯಾವುದು ಗಂಟಲು ಕಟ್ಟಿದವರ ಹಾಗೆ ಕರಕರ ಎನ್ನುತ್ತದೆ ಎಂಬುದು ಕಾಲು ಸವೆಸಿದವರಿಗೆ ತಾನಾಗಿ ತಿಳಿಯುತ್ತದೆ. ಹೊಟ್ಟೆಗೆ ಹೇಗೆ ಎಂದರೆ, ಜನ ಇದ್ದರು. ಅಂಬಲಿ ಕೇಳಿದರೆ ಮಜ್ಜಿಗೆ ಬೆರೆಸಿ ಕೊಟ್ಟವರು, ಮಳೆ ಬಂದಾಗ ದನದ ಕೊಟ್ಟಿಗೆಯಲ್ಲಿ ಒಣ ಜಾಗ ಮಾಡಿಕೊಟ್ಟವರು. ಹೆಸರು ಕೂಡ ಕೇಳದೆ ಉಣಿಸಿದ ಕೈಗಳನ್ನು ನೆನೆಸಿಕೊಳ್ಳಲು ಕೂತರೆ ನನಗೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ಅಂಥ ಊರುಗಳಲ್ಲಿ ಒಂದರ ಕಥೆ ಇದು. ಅದರ ಹೆಸರು ನಾನು ಕೇಳಲಿಲ್ಲ. ಅಲ್ಲಿಯವರು ‘ಊರು’ ಎನ್ನುತ್ತಿದ್ದರು, ನಮಗೂ ಅಷ್ಟು ಸಾಕಾಗಿತ್ತು.

ಬೇಸಿಗೆ ಮುಗಿಯುವ ಕಾಲ. ಗುಡ್ಡದ ಓರೆಯಲ್ಲಿ ಇಳಿದು ಬರುವಾಗ ಹೆಂಗಸರು ಗಂಡಸರು ತಲೆಯ ಮೇಲೆ ಕೊಡ ಹೊತ್ತು ಉದ್ದಕ್ಕೆ ಸಾಲುಗಟ್ಟಿ ನಡೆಯುತ್ತಿದ್ದುದು ಕಂಡಿತು. ಊರು ದೂರದಲ್ಲಿತ್ತು. ಇಷ್ಟು ದೂರ ಯಾಕೆ ನೀರಿಗೆ ಬರುತ್ತೀರಿ ಎಂದು ಕೆಂಚವ್ವ ಒಬ್ಬಳನ್ನು ಕೇಳಿದಳು. ಹೊಳೆ ಇನ್ನೂ ಗುಡ್ಡದ ಬುಡದಲ್ಲೇ ಕೂತಿದೆ, ಕರೆದುಕೊಂಡು ಬರುವವರಿಲ್ಲ ಎಂದಳು ಅವಳು, ನೆಂಟರ ಮನೆಯಲ್ಲಿ ಉಳಿದುಬಿಟ್ಟ ಅತ್ತೆಯ ಮಾತು ಆಡಿದ ಹಾಗೆ. ಅಷ್ಟರಲ್ಲಿ ಅವಳ ಕಣ್ಣು ನನ್ನ ಜೋಳಿಗೆಯಿಂದ ಹೊರಗೆ ಇಣುಕುತ್ತಿದ್ದ ಸನಾದಿಯ ಬಾಯಿಯ ಮೇಲೆ ಬಿತ್ತು. ಕೊಡ ಇಳಿಸಿ ದಾರಿಯಲ್ಲೇ ಬಿಟ್ಟು ಊರಿನ ಕಡೆಗೆ ಓಡಿದಳು.

ನಾವು ಊರ ಬಾಗಿಲಿಗೆ ಬರುವ ಹೊತ್ತಿಗೆ ಕಟ್ಟೆಯ ಮೇಲೆ ಜಮಖಾನೆ ಹಾಸಿತ್ತು. ಶಿವಗಂಗವ್ವ ಗೌಡ್ತಿ ಕೂತಿದ್ದರು. ಗಂಡ ತೀರಿಕೊಂಡ ಮೇಲೆ ಊರಿನ ಹಿರೇತನವನ್ನು ಅವರೇ ನೋಡಿಕೊಳ್ಳುತ್ತಿದ್ದರು. ಎತ್ತರದ ಹೆಂಗಸು, ನೆರೆತ ತಲೆ, ಮಾತು ಕಡಿಮೆ. ಮಜ್ಜಿಗೆ ತರಿಸಿಕೊಟ್ಟರು. ಆಮೇಲೆ, ಹಸು ಮಾರಿದವರು ಕೊಂಡವರಿಗೆ ಅದರ ಗುಣ ಹೇಳುವ ಹಾಗೆ, ಹೊಳೆಯ ಗುಣ ಹೇಳಿದರು. ಸುಗ್ಗಿ ಮುಗಿದಮೇಲೆ ತಾನಾಗಿ ಹಿಂದಕ್ಕೆ ಹೋಗಿ ಗುಡ್ಡದ ಬುಡದಲ್ಲಿ ಕೂರುತ್ತಾಳೆ. ಬಿತ್ತನೆಗೆ ಮೊದಲು ಊದುತ್ತ ಮುಂದೆ ನಡೆದರೆ ಹಿಂದೆ ಬರುತ್ತಾಳೆ. ಅವಸರ ಮಾಡಬಾರದು. ಮಧ್ಯಾಹ್ನ ನೆರಳು ಕಂಡಲ್ಲಿ ನಿಲ್ಲಿಸಬೇಕು. ಡೊಳ್ಳು, ಹಾಡು, ಗಂಟೆ ಇವುಗಳನ್ನು ಅವಳು ಲೆಕ್ಕಕ್ಕೆ ಇಡುವುದಿಲ್ಲ, ಉಸಿರು ತುಂಬಿ ಊದಿದ್ದು ಮಾತ್ರ ಅವಳಿಗೆ ಕೇಳುತ್ತದೆ. ಕೇರಿಗಳನ್ನು ದಾಟಿಸಿ ಕೆಳಗಿನ ತಗ್ಗಿಗೆ ಮುಟ್ಟಿಸಿಬಿಟ್ಟರೆ ಆಮೇಲೆ ತನ್ನ ದಾರಿ ತಾನು ನೋಡಿಕೊಳ್ಳುತ್ತಾಳೆ. ಆದರೆ ಹೊರಟವಳು ನಡುದಾರಿಯಲ್ಲಿ ನಿಂತು, ಹೊತ್ತು ಮುಳುಗುವುದರೊಳಗೆ ಮತ್ತೆ ಊದುವುದು ಕೇಳಿಸದಿದ್ದರೆ, ನಿಂತಲ್ಲೇ ಮಲಗಿಬಿಡುತ್ತಾಳೆ. ಮುಂದಿನ ವರ್ಷದ ತನಕ ಅಲುಗುವುದಿಲ್ಲ.

ಅವಳ ಮುಂದೆ ನಡೆಯುತ್ತಿದ್ದ ಬಾಳಪ್ಪ ಎಂಬಾತ ಹಿಂದಿನ ವರ್ಷ ತೀರಿಕೊಂಡಿದ್ದ. ಊರಿನ ಹುಡುಗರು ಪಪ್ಪಾಯಿ ದಂಟಿನ ಪೀಪಿ ಊದಿ ನೋಡಿದ್ದರು, ಶಾಲೆಯ ಮೇಷ್ಟ್ರು ಸೀಟಿ ಊದಿದ್ದರು. ಹೊಳೆ ಎರಡು ಹೆಜ್ಜೆ ಇಟ್ಟು ಮತ್ತೆ ಹಿಂದೆ ಸರಿದು ಕೂತಿತ್ತಂತೆ. ಇಡೀ ವರ್ಷ ಊರು ನೀರು ಹೊತ್ತಿತ್ತು.

ಇವರು ತಮಾಷೆ ಮಾಡುತ್ತಿದ್ದಾರೆಂದು ನಾನು ಅಂದುಕೊಂಡೆ. ಆದರೆ ಕಟ್ಟೆಯ ಸುತ್ತ ನಿಂತವರ ನೆತ್ತಿಗಳಲ್ಲಿ ಕೊಡದ ಸಿಂಬಿ ಕೂತು ಕೂತು ಕೂದಲು ಸವೆದಿದ್ದವು. ಕೆಂಚವ್ವ ಒಂದೇ ಮಾತು ಕೇಳಿದಳು.

“ಆಕಿಗೆ ಯಾವ ಧಾಟಿ ಸೇರ್ತದ್ರಿ?”

ಗೌಡ್ತಿಯವರ ಮುಖದಲ್ಲಿ ಮೊದಲ ಸಲ ನಗು ಕಂಡಿತು. ಅದನ್ನು ನೀವೇ ಕಂಡುಕೊಳ್ಳಬೇಕು ಎಂದರು.

ಹೊಳೆಯನ್ನು ನಾನು ಮೊದಲು ನೋಡಿದ್ದು ಮರುದಿನ ಬೆಳಿಗ್ಗೆ. ಗುಡ್ಡದ ಬುಡದ ಬಂಡೆಗಳ ನಡುವೆ, ಕೆಸರಿನಲ್ಲಿ ಒರಗಿದ ಎಮ್ಮೆಯ ಹಾಗೆ, ಅಗಲಕ್ಕೆ ಸುಮ್ಮನೆ ಬಿದ್ದುಕೊಂಡಿತ್ತು. ಬೆನ್ನಿನ ಮೇಲೆ ಬೆಳ್ಳಕ್ಕಿ ಬಂದು ಕೂರುವುದೊಂದು ಬಾಕಿ. ಅಂಚಿನಲ್ಲಿ ಜನ ಬಟ್ಟೆ ಒಗೆಯುತ್ತಿದ್ದರು. ನನ್ನನ್ನು ಕಂಡು ಒಗೆಯುವುದು ನಿಲ್ಲಿಸಿದರು. ನಾನು ನೀರಿಗೆ ಬೆನ್ನು ಮಾಡಿ ನಿಂತೆ. ಕೆಂಚವ್ವ ಶ್ರುತಿ ಹಿಡಿದಳು. ಏನು ಊದಬೇಕೆಂದು ಗೊತ್ತಾಗದೆ, ಮದುಮಗಳನ್ನು ಮನೆ ತುಂಬಿಸಿಕೊಳ್ಳುವಾಗ ಊದುವ ಧಾಟಿಯನ್ನು ಶುರು ಮಾಡಿದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ನನ್ನ ಹಿಮ್ಮಡಿಗೆ ತಣ್ಣಗೆ ಏನೋ ತಾಗಿತು. ಹೆದರಿ ಒಂದು ಹೆಜ್ಜೆ ಮುಂದಿಟ್ಟೆ. ಮತ್ತೆ ತಾಗಿತು. ತಿರುಗಿ ನೋಡಲು ಧೈರ್ಯವಾಗಲಿಲ್ಲ. ಕೆಂಚವ್ವನ ಮುಖ ನೋಡಿದೆ. ಅವಳ ಕಣ್ಣಲ್ಲಿ ನೀರಿತ್ತು, ಸ್ವರ ಮಾತ್ರ ಅಲುಗಲಿಲ್ಲ.

ಹಾಗೆ ನಾವು ನಡೆದೆವು. ಬಿಸಿಲೇರಿದಾಗ ನಿಲ್ಲುತ್ತ, ತಂಪಾದಾಗ ಹೊರಟು ಹೊತ್ತು ಮುಳುಗುವ ತನಕ ಊದಿ ರಾತ್ರಿ ತಂಗುತ್ತ, ಹಲವು ದಿನ ನಡೆದೆವು. ಹಳೆಯ ಮರಳಿನ ದಾರಿಯಲ್ಲಿ ನಾನು ಮುಂದೆ, ಪಕ್ಕದಲ್ಲಿ ಕೆಂಚವ್ವ, ಹಿಂದೆ ಹೊಳೆ. ಅದರ ಸಪ್ಪಳ ಸೀರೆ ನೆಲಕ್ಕೆ ಎಳೆದುಕೊಂಡು ನಡೆಯುವವರ ಸಪ್ಪಳದಂತೆ ಇತ್ತು. ನೀರಿನ ಮುಂದೆ ಮುಂದೆ ಇರುವೆಗಳು ಮೊಟ್ಟೆ ಹೊತ್ತು ದಡ ಏರುತ್ತಿದ್ದವು. ಒಣ ಮಣ್ಣಿನೊಳಗೆ ವರ್ಷವೆಲ್ಲ ಮಲಗಿದ್ದ ಕಪ್ಪೆಗಳು ಎದ್ದು ಕಣ್ಣುಜ್ಜಿಕೊಳ್ಳುವ ಹಾಗೆ ಕಾಣುತ್ತಿದ್ದವು. ಹೊಲದವರು ಬದುವಿನ ಮೇಲೆ ಸದ್ದಿಲ್ಲದೆ ನಿಂತು ನೋಡಿ, ನಾವು ಮುಂದೆ ಹೋದಮೇಲೆ ಕಾಲುವೆಯ ಮಣ್ಣು ಬಿಡಿಸಿಕೊಳ್ಳುತ್ತಿದ್ದರು. ಮಧ್ಯಾಹ್ನ ನಾವು ಹೊಂಗೆಯ ನೆರಳಿನಲ್ಲಿ ನಿಂತರೆ ಅದೂ ನಿಲ್ಲುತ್ತಿತ್ತು. ಯಾರೋ ರೊಟ್ಟಿ ತರುತ್ತಿದ್ದರು, ಯಾರೋ ಕಾರೆಹಣ್ಣು. ನಾನು ತಿನ್ನುವಾಗ ಒಂದು ಕಾಲು ನೀರಿನಲ್ಲಿ ಇಟ್ಟುಕೊಂಡು ಕೂರುತ್ತಿದ್ದೆ. ಹೊಳೆಗೆ ಧೈರ್ಯ ಬರಲಿ ಎಂದು. ನನಗೂ.

ಊರೊಳಗೆ ಬರುವ ದಿನದ ಸಿದ್ಧತೆ ನೋಡುವಂತಿತ್ತು. ಮೇಷ್ಟ್ರು ಸೀಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮನೆಮನೆಗಳಲ್ಲಿ ಕುಕ್ಕರಿನ ಸೀಟಿ ಬಿಚ್ಚಿ ಅಟ್ಟಕ್ಕೆ ಹಾಕಿ, ಹಳೆಯ ಪಾತ್ರೆಯಲ್ಲಿ ಅನ್ನಕ್ಕೆ ಇಟ್ಟರು. ಎಂದೋ ಒಂದು ವರ್ಷ ಯಾವುದೋ ಮಗು ಪೀಪಿ ಊದಿತೆಂದು ಹೊಳೆ ದಾರಿ ತಪ್ಪಿ ಗೌಡ್ತಿಯವರ ಅಡಿಗೆಮನೆಗೇ ನುಗ್ಗಿತ್ತಂತೆ. ಹೊರಗೆ ಕರೆಯುವಷ್ಟರಲ್ಲಿ ಗಡಿಗೆಯ ಉಪ್ಪೆಲ್ಲ ಕರಗಿ, ಗೋಡೆಯ ಮಾಡದಲ್ಲಿ ಸಣ್ಣ ಮೀನು ಒದ್ದಾಡುತ್ತಿದ್ದವು. ಅದನ್ನು ಹೇಳುವಾಗ ಗೌಡ್ತಿಯವರಿಗೆ ಸಿಟ್ಟೇನೂ ಇರಲಿಲ್ಲ. ಮನೆಗೆ ಬಂದವಳು ಬರಿಗೈಯಲ್ಲಿ ಬರಲಿಲ್ಲ ಎಂದರು.

ಮೇಲಿನ ಕೇರಿಯ ನಡುವೆ ಹಾದು ಹೋದೆವು. ಬಾಗಿಲು ಬಾಗಿಲಿಗೆ ಆರತಿ. ಬೇಸಿಗೆಯಲ್ಲಿ ಹೊಳೆಯ ಮರಳಿನಲ್ಲೇ ಸಂತೆ ಕೂರುತ್ತಿದ್ದುದರಿಂದ ಅಂಗಡಿಯವರು ಹಾಸಿದ ಗೋಣಿತಟ್ಟು ಕಟ್ಟಿಕೊಂಡು ದಡದ ಮೆಟ್ಟಿಲ ಮೇಲೆ ಹೋಗಿ ಕೂತಿದ್ದರು. ಸಂತೆಮಾಳ ಮುಗಿಯುವಲ್ಲಿ ನೆಲ ಇಳಿಯುತ್ತದೆ. ಆ ಇಳಿಜಾರಿನ ಕೆಳಗೆ ಕೆಳಗಿನ ಕೇರಿ. ಬುಟ್ಟಿ ಹೆಣೆಯುವವರು, ಮಡಕೆ ಮಾಡುವವರು, ತೊಗಲು ಹದ ಮಾಡುವವರು ಅಲ್ಲಿ ಇರುತ್ತಿದ್ದರು. ಹಿಂದಿನಿಂದ ಬಂದ ವಾಡಿಕೆಯಂತೆ ಮೇಲಿನ ಕೇರಿಯವರು ಸಂತೆಮಾಳದ ತನಕ ಬಂದು, ಹೊಳೆಗೆ ಕೈಮುಗಿದು, ಮನೆಗೆ ತಿರುಗುತ್ತಿದ್ದರು. ಅಲ್ಲಿಂದ ಮುಂದೆ ಹೊಳೆಯ ಜೊತೆ ಇಳಿಯುತ್ತಿದ್ದವರು ಊದುವವರು ಮಾತ್ರ. ಇಳಿಜಾರಿನ ಕೆಳಗೆ ಆ ಕೇರಿಯ ಜನ ಗುಂಪಾಗಿ ನಿಂತು ನಮ್ಮನ್ನೇ ನೋಡುತ್ತಿದ್ದುದು ಸಂತೆಮಾಳದಿಂದ ಕಾಣುತ್ತಿತ್ತು.

ನಾನು ಬಿದ್ದದ್ದು ಅಲ್ಲಿಯೇ. ಮೆಟ್ಟಿಲ ಹತ್ತಿರದ ಕಲ್ಲಿನ ಮೇಲೆ ಹಿಂದಿನಿಂದ ಬಂದ ನೀರು ತಾಗಿ, ಒಣಗಿದ್ದ ಹಳೆಯ ಪಾಚಿ ಜಾರುತ್ತಿತ್ತು. ನಾನು ಕಣ್ಣು ಮುಚ್ಚಿ ಊದುತ್ತಿದ್ದೆ, ಜನ ಮೆಚ್ಚಿದ್ದರು, ಮೈಮರೆತಿದ್ದೆ. ಕಾಲು ಜಾರಿತು. ಸನಾದಿ ಬಾಯಲ್ಲಿದ್ದ ಹಾಗೆಯೇ ಮುಖ ಅಡಿಯಾಗಿ ಕಲ್ಲಿಗೆ ಬಿದ್ದೆ. ಎದ್ದು ಕೂತಾಗ ಮುಂದಿನ ಹಲ್ಲುಗಳು ಅಂಗೈಯಲ್ಲಿದ್ದವು. ಮೇಲ್ತುಟಿ ಸೀಳಿತ್ತು. ಸನಾದಿಯ ನಾಲಗೆ ಜಜ್ಜಿ ಚೂರಾಗಿತ್ತು. ನಾಲಗೆಯನ್ನು ಮತ್ತೆ ಕಟ್ಟಬಹುದಿತ್ತು. ಬಾಯನ್ನು ಯಾರು ಕಟ್ಟಿಕೊಡುತ್ತಾರೆ?

ಯಾರೋ ಅರಿಸಿನ ತಂದು ಒತ್ತಿದರು, ಯಾರೋ ಲವಂಗ ಕೊಟ್ಟರು. ಕೆಂಚವ್ವ ಶ್ರುತಿಯನ್ನು ಸೆರಗಿಗೆ ಸಿಕ್ಕಿಸಿಕೊಂಡು ನನ್ನ ಮುಖ ತೊಳೆದಳು. ಹೊಳೆ ನಿಂತಿತ್ತು. ನನ್ನ ಸುತ್ತ ಪಾದ ಮುಳುಗುವಷ್ಟು ನೀರು, ಅದರ ಮೇಲೆ ಬೇವಿನೆಲೆಗಳು ಇದ್ದಲ್ಲೇ ತೇಲುತ್ತಿದ್ದವು. ಹೊತ್ತು ಆಗಲೇ ಪಡುವಣಕ್ಕೆ ವಾಲಿತ್ತು.

ಮೇಲಿನ ಕೇರಿಯವರಲ್ಲಿ ಮಾತು ಶುರುವಾಯಿತು. ಪಾಪ, ಊದುವವನ ಗತಿ ಹೀಗಾಯಿತು, ಅವನೇನು ಮಾಡಲು ಆಗುತ್ತದೆ ಎಂದರು. ಸಂತೆಮಾಳದ ತನಕ ಬಂದದ್ದೇ ದೊಡ್ಡದು, ಈ ವರ್ಷ ಇಲ್ಲೇ ಮಲಗಲಿ ಎಂದರು. ಕೆಳಗಿನವರು ಗುಡ್ಡದ ತನಕ ನೀರಿಗೆ ಹೋಗುತ್ತಿದ್ದರು, ಇನ್ನು ಇಲ್ಲಿಗೆ ಬಂದರೆ ಸಾಕಲ್ಲ, ಅವರಿಗೂ ಹತ್ತಿರವೇ ಆಯಿತು ಎಂದರು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ತಮ್ಮ ಬಾಗಿಲಿಗೆ ನೀರು ಬಂದವರು ಸಮಾಧಾನದಿಂದ ಆಡುವ ಮಾತು.

ಕೆಳಗಿನಿಂದ ಒಬ್ಬ ಹೆಂಗಸು ಇಳಿಜಾರು ಏರಿ ಬಂದು ನೀರಿನ ಅಂಚಿಗೆ ನಿಂತಳು. ಬಿದಿರು ಸೀಳಿ ಸೀಳಿ ಗಾಯಗಳೇ ಗೆರೆಗಳಾದ ಕೈ. ಬುಟ್ಟಿ ಹೆಣೆಯುವ ದುರಗವ್ವ ಎಂದು ಆಮೇಲೆ ತಿಳಿಯಿತು. ಅವಳು ದನಿ ಏರಿಸಲಿಲ್ಲ.

“ಕುಡಿಯಾಕ ಹೊತ್ಕೊಂಡು ಒಯ್ತೀವ್ರಿ. ಬಿದಿರು ನೆನಸಾಕ, ಮಣ್ಣು ಕಲಸಾಕ, ತೊಗಲು ತೊಳಿಯಾಕ ಎಷ್ಟಂತ ಹೊರೂಣು? ಹ್ವಾದ ವರ್ಷ ನಮ್ಮ ಕೇರ್ಯಾಗ ಅರ್ಧ ಮನಿ ಬಾಗಲಾ ಹಾಕ್ಕೊಂಡು ಹೋದ್ವು. ಆಕಿ ಇಲ್ಲೇ ಮಲಗಿದ್ರ ಉಳದ ಅರ್ಧಾನೂ ಹೊಂಟ ಬಿಡ್ತೈತಿ.”

ಗೌಡ್ತಿಯವರು ಮೆಟ್ಟಿಲ ಮೇಲೆ ನಿಂತು ನೀರನ್ನು ನೋಡುತ್ತಿದ್ದರು. ನಾನು ಸನಾದಿಯನ್ನು ತುಟಿಗೆ ಇಟ್ಟುಕೊಳ್ಳಲು ನೋಡಿದೆ. ನೋವಿಗೆ ಕಣ್ಣಿಗೆ ಕತ್ತಲೆ ಬಂತು. ಉಸಿರು ಹಲ್ಲಿಲ್ಲದ ಸಂದಿಯಿಂದ ಪುಸಕ್ಕನೆ ಹೋಯಿತೇ ಹೊರತು ಸ್ವರ ಹುಟ್ಟಲಿಲ್ಲ.

ಕೆಂಚವ್ವ ನನ್ನ ಕೈಯಿಂದ ಸನಾದಿ ತೆಗೆದು ಪಕ್ಕಕ್ಕಿಟ್ಟಳು. ಸೆರಗಿನಿಂದ ಶ್ರುತಿ ತೆಗೆದಳು. ಅವಳೇನು ಮಾಡಲು ಹೊರಟಿದ್ದಾಳೆಂದು ನನಗೆ ತಿಳಿಯಿತು. ಒಂದೇ ಒಂದು ಸ್ವರಕ್ಕೆ ಹೊಳೆ ಬರುವುದಿಲ್ಲ ಕೆಂಚಿ, ಸುಮ್ಮನೆ ನಗೆಗೀಡಾಗುತ್ತೀಯ ಎಂದು ರಕ್ತದ ಬಾಯಲ್ಲಿ ತೊದಲಿದೆ. ಅವಳು ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ ಅವಳ ಮುಖದಲ್ಲಿ.

“ಇಷ್ಟು ದಿವಸ ಆಕಿ ನಿನ್ನ ಹಿಂದ ಬಂದಾಳೋ ನನ್ನ ಹಿಂದ ಬಂದಾಳೋ, ಕೇಳಿದವರ್‍ಯಾರು?” ಎಂದಳು.

ನೀರಿಗೆ ಬೆನ್ನು ಮಾಡಿ, ಇಳಿಜಾರಿಗೆ ಮುಖ ಮಾಡಿ ನಿಂತು ಊದತೊಡಗಿದಳು. ಏರಿಕೆಯಿಲ್ಲ, ಇಳಿಕೆಯಿಲ್ಲ, ಅಲಂಕಾರವಿಲ್ಲ. ಒಂದೇ ಸ್ವರ. ಸಂತೆಮಾಳದ ಗುಜುಗುಜು ನಿಂತಿತು. ಹೊಳೆ ಅಲುಗಲಿಲ್ಲ. ಅವಳು ಊದುತ್ತಲೇ ಇದ್ದಳು. ಅಂಗಡಿಯವನೊಬ್ಬ ತಲೆಯಾಡಿಸಿ ಎದ್ದು ಹೋದ. ಅವಳ ಕತ್ತಿನ ನರ ಉಬ್ಬಿ ನಿಂತಿತ್ತು. ನಾನು ನೆಲದ ಮೇಲೆ ಕೂತು, ಹೆಂಡತಿಯ ಬೆನ್ನನ್ನು ನೋಡುತ್ತಿದ್ದೆ. ಇಷ್ಟು ವರ್ಷ ಅವಳು ನೋಡಿದ್ದು ನನ್ನ ಬೆನ್ನನ್ನು ಎಂಬುದು ಆಗ ಹೊಳೆಯಿತು.

ಮೊದಲು ತಿರುಗಿದ್ದು ಬೇವಿನೆಲೆಗಳು. ಇದ್ದಲ್ಲೇ ತೇಲುತ್ತಿದ್ದವು ನಿಧಾನವಾಗಿ ಒಂದೇ ಕಡೆಗೆ ತುದಿ ಮಾಡಿದವು. ಆಮೇಲೆ ನನ್ನ ಮೊಣಕಾಲ ಸುತ್ತಲಿನ ನೀರು ನನ್ನನ್ನು ಬಳಸಿಕೊಂಡು ಮುಂದಕ್ಕೆ ಜರುಗಿತು. ಕೆಂಚವ್ವ ಒಂದು ಹೆಜ್ಜೆ ಇಟ್ಟಳು. ಅವಳ ಹಿಮ್ಮಡಿಯ ಹಿಂದೆಯೇ ಹೊಳೆ ಇಳಿಜಾರಿಗೆ ಬಾಯಿ ಹಾಕಿತು.

ನಿಜ ಹೇಳುತ್ತೇನೆ, ನನಗೆ ಮೊದಲು ಆದದ್ದು ಸಂತೋಷವಲ್ಲ. ಎದೆಯಲ್ಲಿ ಸಣ್ಣಗೆ ಉರಿಯಿತು. ನನ್ನ ಧಾಟಿಗಳು, ನನ್ನ ಅಪ್ಪನ ಧಾಟಿಗಳು, ಬೆರಳು ಸವೆಯುವಂತೆ ಸಾಧಿಸಿದ್ದು, ಅದೆಲ್ಲ ಇಲ್ಲದೆಯೂ ಅದು ಹೊರಟುಬಿಟ್ಟಿತಲ್ಲ ಎಂದು. ಅಷ್ಟರಲ್ಲಿ ಕೆಳಗಿನ ಕೇರಿಯ ಗಂಡಸರು ಒಂದು ಹಗ್ಗದ ಹೊರಸು ತಂದು, ನನ್ನನ್ನು ಅದರ ಮೇಲೆ ಕೂರಿಸಿ, ಹೆಗಲಿಗೆ ಎತ್ತಿಕೊಂಡರು. ಹೊಳೆಯ ಪಕ್ಕದಲ್ಲೇ ನಡೆದರು.

ಇಳಿಜಾರು ಕಡಿದು, ಕೇರಿಯ ಓಣಿ ಇಕ್ಕಟ್ಟು. ಹೊಳೆ ಅಲ್ಲಿ ಬಹಳ ಹುಷಾರಾಗಿ ಹೆಜ್ಜೆ ಇಡುತ್ತಿತ್ತು. ಕೆಂಚವ್ವನೂ ಅಷ್ಟೇ ನಿಧಾನವಾಗಿ ನಡೆಯಬೇಕಿತ್ತು, ನಡುವೆ ಒಂದು ಗಳಿಗೆ ಕೂಡ ನಿಲ್ಲಿಸುವಂತಿರಲಿಲ್ಲ. ಬೆಳಿಗ್ಗೆಯಿಂದ ನನ್ನ ಜೊತೆ ಊದಿದವಳು ಅವಳು. ಓಣಿಯ ಬಾಯಿಗೆ ಬರುವಷ್ಟರಲ್ಲಿ ಅವಳ ತುಟಿಗಳು ಊದಿಕೊಂಡಿದ್ದವು, ಸ್ವರ ನಡುಗತೊಡಗಿತು. ಹೊಳೆ ಅನುಮಾನಿಸಿತು. ಪಕ್ಕದಲ್ಲಿ ನಡೆಯುತ್ತಿದ್ದ ದುರಗವ್ವ ಅದನ್ನು ಕಂಡಳು.

“ಕೊಡಬೇ ಯಕ್ಕಾ ಇತ್ತ. ನನ್ನ ಎದ್ಯಾಗೂ ಗಾಳಿ ಐತಿ” ಎಂದಳು.

ಕೆಂಚವ್ವ ಊದುತ್ತಲೇ ಅವಳ ಬಾಯಿಯ ಹತ್ತಿರ ಮುಖ ತಂದಳು. ಒಬ್ಬಳ ತುಟಿಯಿಂದ ಇನ್ನೊಬ್ಬಳ ತುಟಿಗೆ ಶ್ರುತಿ ದಾಟಿತು. ನಡುವೆ ಕಿರ್ ಎಂದು ಒಂದು ಕೀರಲು, ಆಮೇಲೆ ಅದೇ ಸ್ವರ, ಸ್ವಲ್ಪ ಒರಟಾಗಿ, ಆದರೆ ಗಟ್ಟಿಯಾಗಿ ಬಂತು. ಮೂಗಿನಲ್ಲಿ ಎಳೆದು ಕೆನ್ನೆಯಲ್ಲಿ ಬಿಡುವ ವಿದ್ಯೆ ಅವಳಿಗೆ ಗೊತ್ತಿರಲಿಲ್ಲ. ಒಂದೇ ಉಸಿರು ಮುಗಿಯುವ ತನಕ ಊದಿ, ಮುಗಿಯುವ ಮೊದಲೇ ಪಕ್ಕದವಳ ಕಡೆ ಮುಖ ತಿರುಗಿಸಿದಳು. ಅವಳು ಮುಂದಿನವರಿಗೆ. ಮಡಕೆ ಸುಡುವ ಆವಿಗೆಯ ಬೆಂಕಿ ಊದಿ ಅಭ್ಯಾಸವಿದ್ದ ಕುಂಬಾರ ಕಾಳಿಂಗಪ್ಪ ಬಹಳ ಹೊತ್ತು ಹಿಡಿದ. ತೊಗಲು ಹದ ಮಾಡುವ ಗಿಡ್ಡಪ್ಪನಿಗೆ ಕೆಮ್ಮು, ಆದರೂ ತನ್ನ ಪಾಲಿನ ಒಂದು ಉಸಿರು ಕೊಟ್ಟ. ಮನೆಗಳಿಂದ ಜನ ಹೊರಗೆ ಬಂದು ಓಣಿಯ ಎರಡೂ ಬದಿಗೆ ನಿಂತರು. ಹೊಳೆ ಅವರ ನಡುವೆ ಹಾದು ಬರುತ್ತಿತ್ತು.

ಮೇಲಿನ ಕೇರಿಯವರು ವಾಡಿಕೆಯಂತೆ ಸಂತೆಮಾಳದ ಅಂಚಿನಲ್ಲಿಯೇ ನಿಂತಿದ್ದರು. ನಾನು ಹೊರಸಿನ ಮೇಲಿದ್ದುದರಿಂದ ನನಗೆ ಚೆನ್ನಾಗಿ ಕಾಣುತ್ತಿತ್ತು. ಗೌಡ್ತಿಯವರು ಚಪ್ಪಲಿ ಬಿಟ್ಟರು. ಸೀರೆಯ ನೆರಿಗೆ ಎತ್ತಿ ಹಿಡಿದು ನೀರಿಗಿಳಿದರು. ಇಳಿಜಾರಿನಲ್ಲಿ ಗೋಡೆ ಹಿಡಿದು ಹಿಡಿದು ಇಳಿದು, ಓಣಿಯಲ್ಲಿ ಎಲ್ಲರ ಹಾಗೆ ಒಂದು ಬದಿಗೆ ನಿಂತರು. ಅವರ ಪಕ್ಕದಲ್ಲಿ ಗಿಡ್ಡಪ್ಪ ಇದ್ದ. ಮತ್ತೊಂದು ಸರದಿ ಊದುತ್ತಿದ್ದವನು ಅವರನ್ನು ಕಂಡು ಗಾಬರಿಯಾದ. ಉಸಿರು ಮುಗಿಯುತ್ತ ಬಂದಿತ್ತು, ಯಾರಿಗೆ ಕೊಡುವುದೋ ತಿಳಿಯಲಿಲ್ಲ. ಗೌಡ್ತಿಯವರು ಕೈ ಚಾಚಿದರು. ಹಿಂದಿನಿಂದ ಯಾರೋ ಅವಸರದಲ್ಲಿ ಒರೆಸಿಕೊಳ್ಳಲು ಒಂದು ವಸ್ತ್ರ ಮುಂದೆ ಹಿಡಿದರು. ಅವರು ಅದರ ಕಡೆ ನೋಡಲೂ ಇಲ್ಲ.

“ಒರಸ್ಕೋತ ಕುಂತ್ರ ಆಕಿ ಕುಂತ ಬಿಡ್ತಾಳ” ಎಂದು ಗಿಡ್ಡಪ್ಪನ ಬಾಯಿಂದ ತೆಗೆದು ನೇರ ತಮ್ಮ ಬಾಯಿಗೆ ಇಟ್ಟುಕೊಂಡರು.

ಬಂದ ಸದ್ದು ಎಳೆಗರು ಕೂಗಿದ ಹಾಗಿತ್ತು. ಯಾರೋ ಕಿಸಕ್ಕನೆ ನಕ್ಕರು. ಗೌಡ್ತಿಯವರಿಗೂ ನಗು ಬಂದು ಸ್ವರ ತಪ್ಪುವುದರಲ್ಲಿತ್ತು, ಹೇಗೋ ತಡೆದುಕೊಂಡು ಒಂದು ಉಸಿರು ಪೂರ್ತಿ ಊದಿ ಮುಂದಿನವಳಿಗೆ ದಾಟಿಸಿದರು. ಅವರ ಮುಖವೆಲ್ಲ ಕೆಂಪಾಗಿತ್ತು. ಗೋಡೆಗೆ ಒರಗಿ ಸುಧಾರಿಸಿಕೊಳ್ಳುತ್ತಿದ್ದ ಅವರಿಗೆ ದುರಗವ್ವ ತನ್ನ ಹೆಗಲು ಕೊಟ್ಟಳು. ಆಮೇಲೆ ಸಂತೆಮಾಳದ ಅಂಚಿನಲ್ಲಿ ನಿಂತವರು ಒಬ್ಬೊಬ್ಬರಾಗಿ ಇಳಿದು ಬಂದರು. ಎಲ್ಲರೂ ಬರಲಿಲ್ಲ. ಬಂದವರು ಊದಿದರು. ಮೇಷ್ಟ್ರು ಊದಿದರು. ತಲೆಯಾಡಿಸಿ ಎದ್ದು ಹೋಗಿದ್ದ ಅಂಗಡಿಯವನೂ ಬಂದು ಊದಿದ.

ಹೊರಸಿನ ಮೇಲೆ ಕೂತು ನಾನು ಕೇಳುತ್ತಿದ್ದೆ. ಒಬ್ಬರದು ದಪ್ಪ, ಒಬ್ಬರದು ತೆಳು, ಒಬ್ಬರದು ಕೆಮ್ಮಿನದು. ಆದರೂ ಒಂದೇ ಸ್ವರ. ನಾನು ಊದುವಾಗ ಅದು ಯಾವಾಗಲೂ ನನ್ನ ಕೆಳಗಿರುತ್ತಿತ್ತು, ಕಾಲ ಕೆಳಗಿನ ನೆಲವನ್ನು ಯಾರು ಕೇಳಿಸಿಕೊಳ್ಳುತ್ತಾರೆ. ಅಂದು ಅದನ್ನು ಬಿಟ್ಟು ಕೇಳುವುದಕ್ಕೆ ಬೇರೇನೂ ಇರಲಿಲ್ಲ. ಎದೆಯ ಉರಿ ಯಾವಾಗ ಹೋಯಿತೋ ಗೊತ್ತಾಗಲಿಲ್ಲ. ಬಾಯಿ ನೋಯುತ್ತಿತ್ತು, ಕಣ್ಣು ಹರಿಯುತ್ತಿತ್ತು. ನನ್ನನ್ನು ಹೊತ್ತವರ ಹೆಗಲು ಬದಲಾಗುತ್ತಿದ್ದವು. ಯಾರು ಹೊತ್ತರೆಂದು ನನಗೆ ಇಂದಿಗೂ ತಿಳಿಯದು.

ಹೊತ್ತು ಇನ್ನೂ ಮರದ ತಲೆಯ ಮೇಲೆ ಇರುವಾಗ ಹೊಳೆ ಕೇರಿಯನ್ನು ದಾಟಿ ತಗ್ಗಿಗೆ ಇಳಿಯಿತು. ಕೊನೆಯ ಉಸಿರು ಯಾರದಿತ್ತೋ ಯಾರಿಗೂ ನೆನಪಿಲ್ಲ. ತಗ್ಗಿನ ಅಂಚಿನಲ್ಲಿ ಅದು ನಮ್ಮನ್ನೆಲ್ಲ ಹಿಂದೆ ಹಾಕಿ, ದಾರಿ ಗೊತ್ತಿರುವವರ ಹಾಗೆ, ತಾನಾಗಿಯೇ ಮುಂದಕ್ಕೆ ಹೋಯಿತು.

ಆ ಮಳೆಗಾಲ ನಾವು ಅದೇ ಕೇರಿಯಲ್ಲಿ ಉಳಿದೆವು. ದುರಗವ್ವನ ಪಡಸಾಲೆಯಲ್ಲಿ ನನ್ನ ತುಟಿ ಮಾಗಿತು. ಜಗಿಯಲಾಗದ ನನಗೆ ಯಾರಾದರೊಬ್ಬರು ದಿನಾ ಗಂಜಿ ಕಾಸಿ ತರುತ್ತಿದ್ದರು. ಒಂದು ದಿನ ಗೌಡ್ತಿಯವರೂ ತಂದರು, ಉಪ್ಪು ಹಾಕುವುದು ಮರೆತಿದ್ದರು, ನಾನು ಹೇಳಲಿಲ್ಲ. ನನ್ನ ಸನಾದಿ ಮೊದಲಿನ ಹಾಗೆ ನುಡಿಯಲಿಲ್ಲ. ಕೆಂಚವ್ವ ಒಂದೊಂದೇ ಧಾಟಿ ಕಲಿತಳು. ಕಲಿಸುವಾಗ ನಾನು ಬೈದದ್ದಕ್ಕಿಂತ ಅವಳು ಬೈದದ್ದು ಹೆಚ್ಚು. ಮಳೆ ನಿಂತಮೇಲೆ ಮತ್ತೆ ದಾರಿ ಹಿಡಿದೆವು, ಈಗಲೂ ಅದೇ ದಾರಿಗಳಲ್ಲಿದ್ದೇವೆ. ಈಗ ಗೋಡೆಗೆ ಆತು ಕೂತು ಕಣ್ಣು ಮುಚ್ಚಿ ಊದುವವನು ನಾನು. ಬೇಸಿಗೆ ಮುಗಿಯುವಾಗ ಆ ಊರಿಗೆ ಹೋಗುತ್ತೇವೆ. ನಮಗೆ ತಡವಾದರೆ ಅವರೇನೂ ಕಾಯುವುದಿಲ್ಲ ಎಂಬುದೂ ಗೊತ್ತು.

ಆದರೆ ನನಗೆ ಮತ್ತೆ ಮತ್ತೆ ನೆನಪಾಗುವುದು ಅಂದಿನ ಸಂಜೆ. ತಗ್ಗಿನ ಅಂಚಿನಲ್ಲಿ ನನ್ನ ಹೊರಸು ಇಳಿಸಿ ಎಲ್ಲರೂ ನೀರಿಗೆ ಇಳಿದಿದ್ದರು. ಮೇಲಿನವರು ಕೆಳಗಿನವರು ಯಾರು ಯಾರೆಂದು ಆ ಗದ್ದಲದಲ್ಲಿ ತಿಳಿಯುವಂತಿರಲಿಲ್ಲ. ಕೆಂಚವ್ವ ಒಂದು ಕಲ್ಲಿನ ಮೇಲೆ ಕಾಲು ಇಳಿಬಿಟ್ಟು ಕೂತು ಊದಿಕೊಂಡ ತುಟಿಗೆ ನೀರು ಹಚ್ಚಿಕೊಳ್ಳುತ್ತಿದ್ದಳು. ಹೊಳೆಯನ್ನು ಯಾರು ತಂದರು ಎಂದು ಯಾರೂ ಕೇಳುತ್ತಿರಲಿಲ್ಲ, ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ನಾನು ಎದ್ದು, ಬಾಯಿಗೆ ಬಟ್ಟೆ ಒತ್ತಿ ಹಿಡಿದು, ನೀರಿನ ಅಂಚಿಗೆ ಹೋಗಿ ನಿಂತೆ. ಪಕ್ಕದಲ್ಲಿ ಒಬ್ಬ ಮುದುಕಿ ಕೊಡ ತುಂಬಿಕೊಂಡು, ತಲೆಗೆ ಏರಿಸಲಾಗದೆ, ಸುತ್ತ ನೋಡುತ್ತಿದ್ದಳು. ಅವಳ ಕಣ್ಣು ಮಂಜಾಗಿತ್ತು. ನಾನು ಯಾರೆಂದು ಅವಳಿಗೆ ತಿಳಿದಿರಲಿಲ್ಲ, ತಿಳಿಯುವ ಅವಸರವೂ ಇರಲಿಲ್ಲ.

“ಏ ತಮ್ಮಾ, ಏನ್ ನೋಡ್ಕೋತ ನಿಂತಿ? ಇದನ್ನಿಷ್ಟು ಎತ್ತಿಡು” ಎಂದಳು.

ಬಾಯಿಯ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಎರಡೂ ಕೈಯಿಂದ ಕೊಡ ಎತ್ತಿ ಅವಳ ತಲೆಯ ಮೇಲಿಟ್ಟೆ. ತುಳುಕಿದ ನೀರು ನನ್ನ ಮುಖದ ಮೇಲೆ ಬಿತ್ತು. ಅವಳು ತಿರುಗಿ ನೋಡದೆ ಮನೆಯ ಕಡೆ ನಡೆದಳು. ಅವಳ ಹಿಂದೆ ಇನ್ನೊಬ್ಬಳು ತನ್ನ ಕೊಡ ಹಿಡಿದು ನಿಂತಿದ್ದಳು, ಅವಳ ಹಿಂದೆ ಮತ್ತೊಬ್ಬಳು. ಕತ್ತಲಾಗುವ ತನಕ ನಾನು ಕೊಡ ಎತ್ತುತ್ತ ಅಲ್ಲಿಯೇ ನಿಂತಿದ್ದೆ.